ನಾಲೆ ಬಂತು, ನೀರುಗಂಟಿ ಬರಲಿಲ್ಲ: ನಮ್ಮ ಹಳ್ಳಿಗಳ ಇಂಟರ್‌ನೆಟ್ ಬಗ್ಗೆ ಮಾತಾಡೋಣ

ನಾಲೆಏರಿ (ಮಳವಳ್ಳಿ ಕಡೆ)

ಎಲ್ಲರಿಗೂ ನಮಸ್ಕಾರ. ಬಹಳ ದಿನದಿಂದ ಮನಸ್ಸಿನಲ್ಲೇ ಕುದಿಯುತ್ತಿದ್ದ ಮಾತು. ಇವತ್ತು ಬರೆದೇ ಬಿಡುತ್ತೇನೆ.

ಊರಿನಲ್ಲಿ ನನ್ನದೊಂದು ಜೆರಾಕ್ಸ್ ಮತ್ತು ಆನ್‌ಲೈನ್ ಅಂಗಡಿ. ಪಹಣಿ, ಜಾತಿ-ಆದಾಯ ಪ್ರಮಾಣಪತ್ರ, ಮಕ್ಕಳ ಸ್ಕಾಲರ್‌ಶಿಪ್, ರೈತರ ನೋಂದಣಿಯ ಫ್ರೂಟ್ಸ್ ಐಡಿ, ಇ-ಕೆವೈಸಿ, ಎಲ್ಲಕ್ಕೂ ಜನ ನನ್ನ ಹತ್ತಿರ ಬರುತ್ತಾರೆ. ಕಳೆದ ಸೋಮವಾರ ಒಬ್ಬ ಅಜ್ಜಿ ಬೆಳಿಗ್ಗೆ ಒಂಬತ್ತಕ್ಕೇ ಬಂದು ಜಗಲಿ ಮೇಲೆ ಕೂತರು. ಮಧ್ಯಾಹ್ನ ಮೂರು ಗಂಟೆಯಾದರೂ ಪುಟ ತೆರೆಯಲಿಲ್ಲ. ಮೊಬೈಲ್ ಹಾಟ್‌ಸ್ಪಾಟ್ ಹಾಕಿಕೊಂಡು ಲ್ಯಾಪ್‌ಟಾಪನ್ನು ತಾರಸಿಗೆ ಒಯ್ದೆ. ಅಲ್ಲೂ ಆಗಲಿಲ್ಲ. "ನಾಳೆ ಬತ್ತೀನಿ ಬುಡು ಮಗ" ಅಂದು ಎದ್ದು ಹೋದರು. ಅವತ್ತಿನ ಕೂಲಿ ಹೋಯಿತು, ಮರುದಿನದ್ದೂ ಹೋಯಿತು.

ನನಗೆ ಸಂಕಟವಾಗುವುದು ಇದಕ್ಕೆ: ಪಂಚಾಯ್ತಿ ಕಟ್ಟಡ ನನ್ನ ಅಂಗಡಿಗೆ ಕೂಗಳತೆ ದೂರ. ಅಲ್ಲಿ ಗೋಡೆಗೆ ಫೈಬರ್ ಪೆಟ್ಟಿಗೆ ಹೊಡೆದಿದ್ದಾರೆ, ಮೇಲೆ ಸೋಲಾರ್ ಫಲಕ ಇದೆ, ಕೆಳಗೆ ಬ್ಯಾಟರಿ ಇದೆ. ಪೆಟ್ಟಿಗೆಯಲ್ಲಿ ದೀಪ ಉರಿದದ್ದನ್ನು ನಾನು ನೋಡಿ ವರ್ಷಗಳಾದವು. ಕಡತದಲ್ಲಿ ಮಾತ್ರ ನಮ್ಮದು ಸಂಪರ್ಕ ಪಡೆದ ಪಂಚಾಯ್ತಿ.

ನಮ್ಮೂರು ವಿಸಿ (ವಿಶ್ವೇಶ್ವರಯ್ಯ) ನಾಲೆಯ ಕೊನೇ ಭಾಗ. ನೀರು ಬಿಟ್ಟಿದ್ದಾರೆ ಅಂತ ಪೇಪರಿನಲ್ಲಿ ಓದಿದ ಮೇಲೂ ನಮ್ಮ ಗದ್ದೆಗೆ ನೀರು ಹತ್ತುವುದನ್ನು ದಿನಗಟ್ಟಲೆ ಕಾದವರು ನಾವು. ಈಗ ಇಂಟರ್‌ನೆಟ್‌ನಲ್ಲೂ ಅದೇ ಸ್ಥಿತಿ. ಸರ್ಕಾರದ ನೀತಿ ಎಲ್ಲಿ ತಪ್ಪುತ್ತಿದೆ, ನಾವೇನು ಮಾಡಬಹುದು? ತಿಳಿದವರು ಹೇಳಿ.

ಒಂಟಿಕೊಪ್ಪಲು

ನಮಸ್ಕಾರ ಬ್ರದರ್. ನಾನು ಮೈಸೂರಿನಲ್ಲಿ ಸಾಫ್ಟ್‌ವೇರ್ ಕೆಲಸದಲ್ಲಿದ್ದೇನೆ. ನಿಮ್ಮ ಕಷ್ಟ ಅರ್ಥವಾಗುತ್ತೆ. ಆದರೂ ಮನಸ್ಸಿನಲ್ಲಿರುವುದನ್ನು ಕೇಳಿಬಿಡುತ್ತೇನೆ. ಸರ್ಕಾರ ನೆಲ ಅಗೆದು ಫೈಬರ್ ಹಾಕುವ ಕಾಲ ಮುಗಿಯಿತಲ್ಲವೇ? 2016ರ ನಂತರ ಮೊಬೈಲ್ ಡೇಟಾ ಎಷ್ಟು ಅಗ್ಗವಾಯಿತು ನೋಡಿ. ಅದನ್ನು ಮಾಡಿದ್ದು ಕಂಪನಿಗಳ ಪೈಪೋಟಿ. ಪಂಚಾಯ್ತಿಗೆ ಫೈಬರ್ ಕೊಡುವ ಯೋಜನೆಗೆ (ಈಗಿನ ಭಾರತ್‌ನೆಟ್) ಕೇಂದ್ರ ಒಪ್ಪಿಗೆ ಕೊಟ್ಟದ್ದು 2011ರಲ್ಲಿ. ಇಷ್ಟು ವರ್ಷವಾದರೂ ನಿಮ್ಮ ಪೆಟ್ಟಿಗೆಯಲ್ಲಿ ದೀಪ ಇಲ್ಲ ಅಂದರೆ, ಆ ದುಡ್ಡಿನಲ್ಲಿ ಟವರ್ ಹಾಕಿಸಿದ್ದರೆ ಒಳ್ಳೆಯದಿತ್ತು ಅಂತ ನನ್ನ ಅಭಿಪ್ರಾಯ.

ಹಳೇ ಕೇಬಲ್ (ನಿವೃತ್ತ, ಮೈಸೂರು)

ಒಂಟಿಕೊಪ್ಪಲು ಅವರೇ, ನಾನು ಮೂವತ್ತು ವರ್ಷಕ್ಕೂ ಮೇಲೆ ದೂರವಾಣಿ ಕೆಲಸ ಮಾಡಿ ನಿವೃತ್ತನಾದವನು. ಟವರ್ ಒಂದು ನಲ್ಲಿ ಅಂದುಕೊಳ್ಳಿ. ನಲ್ಲಿ ಎಷ್ಟೇ ಹೊಸದಾಗಿರಲಿ, ಹಿಂದಿನ ಪೈಪು ಸಣ್ಣದಾದರೆ ನೀರು ತೊಟ್ಟಿಕ್ಕುತ್ತದೆ. ಸಾಕಷ್ಟು ಹಳ್ಳಿ ಟವರುಗಳಿಗೆ ಫೈಬರ್ ಇಲ್ಲ, ಮೈಕ್ರೋವೇವ್ ತಟ್ಟೆಯ ಮೂಲಕ ಒಂದು ಟವರಿನಿಂದ ಇನ್ನೊಂದಕ್ಕೆ ದಾಟಿಸುತ್ತಾರೆ. ಸಂಜೆ ಊರಿನವರೆಲ್ಲ ಒಟ್ಟಿಗೆ ಫೋನ್ ಹಿಡಿದಾಗ ಸಿಗ್ನಲ್ ಕಡ್ಡಿ ನಾಲ್ಕು ತೋರಿಸಿದರೂ ಪುಟ ತೆರೆಯದಿರುವುದಕ್ಕೆ ಇದು ದೊಡ್ಡ ಕಾರಣ. 5ಜಿ ಬಂದ ಮೇಲಂತೂ ಟವರಿಗೆ ಫೈಬರ್ ಇನ್ನೂ ಹೆಚ್ಚು ಬೇಕು. ಹಾಗಾಗಿ ಫೈಬರ್ ಬೇಕೋ ಟವರ್ ಬೇಕೋ ಅನ್ನುವ ಜಗಳವೇ ಬೇಡ. ಟವರಿಗೂ ಬೇರು ಫೈಬರೇ.

ಇನ್ನು ದುಡ್ಡಿನ ಮಾತು. ಇದು ಸರ್ಕಾರ ಬೊಕ್ಕಸದಿಂದ ದಾನ ಕೊಟ್ಟದ್ದಲ್ಲ. ದೂರವಾಣಿ ಕಂಪನಿಗಳ ಹೊಂದಾಣಿಕೆಯಾದ ವರಮಾನದಲ್ಲಿ (ಒಟ್ಟು ಗಳಿಕೆಯಲ್ಲಿ ಕೆಲವು ಬಾಬ್ತು ಕಳೆದು ಉಳಿದದ್ದು) ಶೇ. 5ರಷ್ಟನ್ನು ಹಳ್ಳಿ-ಗುಡ್ಡಗಾಡಿನ ಸಂಪರ್ಕಕ್ಕೆಂದೇ ತೆಗೆದಿಡಬೇಕು ಎಂಬ ನಿಯಮ 2002ರಿಂದ ಇದೆ. ಸಾರ್ವತ್ರಿಕ ಸೇವಾ ಬಾಧ್ಯತಾ ನಿಧಿ ಅಂತ ಅದರ ಹೆಸರಿತ್ತು, ಈಗ ಡಿಜಿಟಲ್ ಭಾರತ್ ನಿಧಿ. ಮಳವಳ್ಳಿಯ ಆ ಅಜ್ಜಿ ಮಾಡಿಸುವ ರೀಚಾರ್ಜಿನಲ್ಲೂ ಒಂದು ಪಾಲು ಆ ನಿಧಿಗೆ ಸೇರುತ್ತದೆ. ಆದ್ದರಿಂದ ಪೆಟ್ಟಿಗೆ ಏಕೆ ಸತ್ತಿದೆ ಅಂತ ಕೇಳುವ ಹಕ್ಕು ಅವರಿಗೆ ಪೂರ್ತಿ ಇದೆ.

ಏಕೆ ಸತ್ತಿದೆ ಅಂದರೆ, ನನ್ನ ಅನುಭವದಲ್ಲಿ ಹೆಚ್ಚಿನ ಕಡೆ ಕಾರಣ ಇಷ್ಟೆ. ಮೊದಲ ಹಂತದಲ್ಲಿ ತಾಲ್ಲೂಕಿನಿಂದ ಪಂಚಾಯ್ತಿಗೆ ಒಂದೇ ಎಳೆ ಎಳೆದರು, ಮರದ ಕೊಂಬೆಯ ಹಾಗೆ. ಬುಡದ ಹತ್ತಿರ ಒಂದು ಜೆಸಿಬಿ ಏಟು ಬಿದ್ದರೆ ಮುಂದಿನ ಊರುಗಳೆಲ್ಲ ಕತ್ತಲೆ. 2019ರಿಂದ ಮನೆಮನೆಗೆ ನಲ್ಲಿ ಹಾಕುವ ಜಲಜೀವನ್ ಕೆಲಸ ಶುರುವಾಯಿತು. ಒಳ್ಳೆಯ ಕೆಲಸವೇ. ಆದರೆ ಪೈಪಿಗೆ ಅಗೆಯುವವರಿಗೆ ಕೆಳಗೆ ಕೇಬಲ್ ಇದೆ ಅಂತ ಹೇಳುವವರು ಇರಲಿಲ್ಲ. ಅಗೆಯುವ ಮುನ್ನ ತಿಳಿಸಿ ಅಂತ ಕೇಂದ್ರ ಒಂದು ಆಪ್ ಬಿಟ್ಟದ್ದು 2023ರ ಮಾರ್ಚ್‌ನಲ್ಲಿ. ಅಷ್ಟರಲ್ಲಿ ಎಷ್ಟು ಕಡೆ ಕೇಬಲ್ ತುಂಡಾಗಿತ್ತೋ! ತುಂಡಾದದ್ದನ್ನು ಜೋಡಿಸಲು ಸ್ಪ್ಲೈಸಿಂಗ್ ಯಂತ್ರ ಬೇಕು, ಯಂತ್ರ ಹಿಡಿದ ಹುಡುಗ ಬೇಕು, ಅವನ ಗಾಡಿಗೆ ಪೆಟ್ರೋಲ್ ಬೇಕು. ಟೆಂಡರಿನಲ್ಲಿ ಎಳೆಯುವ ಕಿಲೋಮೀಟರಿಗೆ ದುಡ್ಡಿತ್ತು, ನೋಡಿಕೊಳ್ಳುವ ಕೈಗೆ ಇರಲಿಲ್ಲ.

ಮಂಡ್ಯದಕ್ಕ

ನಂಗೆ ಫೈಬರು ಗೀಬರು ಗೊತ್ತಿಲ್ಲ ಕಣಪ್ಪ. ನಾನು ಕಂಡದ್ದು ಹೇಳ್ತೀನಿ. ಉದ್ಯೋಗ ಖಾತ್ರಿ ಕೆಲ್ಸದಲ್ಲಿ ಕಾಯಕ ಬಂಧು ಆಗಿದ್ದೆ, ಅಂದ್ರೆ ಕೂಲಿಯವ್ರ ಗುಂಪು ನೋಡ್ಕಳೋಳು. ಕೆರೆ ಹೂಳು ಎತ್ತೋ ಕೆಲ್ಸ. 2023ರ ಜನವರಿಯಿಂದ ಎಲ್ಲಾ ಕಡೆನೂ ಆಪಿನಲ್ಲೇ ಹಾಜ್ರಿ ಅಂದ್ರು. ದಿನಕ್ಕೆ ಎರಡ್ ಸಲ ಎಲ್ರುನೂ ನಿಲ್ಸಿ ಫೋಟೋ ತಗೀಬೇಕು. ಕೆರೆ ಅಂಗಳದಾಗೆ ಸಿಗ್ನಲ್ ಎಲ್ಲಿಂದ ಬತ್ತದೆ? ಫೋಟೋ ತಕ್ಕೊಂಡು ಏರಿ ಹತ್ತಿ, ಅರಳೀಮರದ ತಾವ ನಿಂತ್ಕೊಂಡು ಫೋನು ಮ್ಯಾಕೆ ಎತ್ತಿ ಕಾಯ್ಬೇಕು. ಒಂದಿನ ಹೋಗ್ಲೇ ಇಲ್ಲ. ಇಪ್ಪತ್ ಜನ ಹೆಂಗಸ್ರು ಮಣ್ಣು ಹೊತ್ತವ್ರೆ, ಬೆವರು ಸುರ್ಸವ್ರೆ, ಹಾಜ್ರಿ ಇಲ್ಲ. ಅವ್ರು ನನ್ ಮುಖ ನೋಡಿದ್ ರೀತಿ ಇವತ್ತಿಗೂ ಮರ್ಯಕ್ಕಾಗಿಲ್ಲ.

ಮೊದ್ಲು ದಾರಿ ಮಾಡಿ ಆಮೇಲೆ ಗಾಡಿ ಓಡ್ಸಿ ಅಂತ ಕೇಳೋದು ತಪ್ಪಾ?

ನಾಲೆಏರಿ

ಅಕ್ಕಾ, ತಪ್ಪಲ್ಲ. ನಾನು ಹೇಳಲು ಹೊರಟದ್ದನ್ನು ನೀವು ಒಂದೇ ಮಾತಿನಲ್ಲಿ ಹೇಳಿಬಿಟ್ಟಿರಿ.

ಗಂಜಾಂ ಮೇಷ್ಟ್ರು

ನಾನು ಇತಿಹಾಸ ಪಾಠ ಮಾಡಿದವನು. ಈ ಚರ್ಚೆ ಓದುತ್ತಾ ನನಗೆ ಶಿವನಸಮುದ್ರ ನೆನಪಾಯಿತು. ಸ್ವಲ್ಪ ಉದ್ದವಾದರೂ ಸಹಿಸಿಕೊಳ್ಳಿ.

ಶಿವನಸಮುದ್ರದಲ್ಲಿ ವಿದ್ಯುತ್ ಹುಟ್ಟಿದ್ದು 1902ರಲ್ಲಿ. ಅದಕ್ಕಾಗಿ ಹಟ ಹಿಡಿದ ದಿವಾನ್ ಶೇಷಾದ್ರಿ ಅಯ್ಯರ್ ಹಿಂದಿನ ವರ್ಷವೇ ತೀರಿಕೊಂಡಿದ್ದರು. ಆ ವಿದ್ಯುತ್ ಮೊದಲು ಹೋದದ್ದು ಸುಮಾರು 147 ಕಿಲೋಮೀಟರ್ ದೂರದ ಕೋಲಾರದ ಚಿನ್ನದ ಗಣಿಗೆ. 1905ರಲ್ಲಿ ಬೆಂಗಳೂರಿನ ಬೀದಿಗೆ. ತಂತಿ ಹಾದುಹೋದ ದಾರಿಯ ಹಳ್ಳಿಗಳಲ್ಲಿ ಬುಡ್ಡಿದೀಪ ಆರಿದ್ದು ಅದಾದ ಎಷ್ಟೋ ದಶಕಗಳ ಮೇಲೆ. ಮಳವಳ್ಳಿ ಸೀಮೆಯ ನೀರಿನಿಂದ ಹುಟ್ಟಿದ ಬೆಳಕು ಮಳವಳ್ಳಿ ಸೀಮೆಗೆ ಕೊನೆಗೆ ಬಂತು. ಇದು ನಮ್ಮ ನೆಲಕ್ಕೆ ಹೊಸ ಅನುಭವವಲ್ಲ.

ಆದರೆ ಅದೇ ನೆಲದಲ್ಲಿ ಬೇರೆ ರೀತಿ ನಡೆದ ಉದಾಹರಣೆಯೂ ಇದೆ. ಕನ್ನಂಬಾಡಿ ಕಟ್ಟೆಯ ಕೆಲಸ 1911ರಲ್ಲಿ ಶುರುವಾಗಿ ಇಪ್ಪತ್ತು ವರ್ಷಕ್ಕೂ ಹೆಚ್ಚು ನಡೆಯಿತು. ಹುಲಿಕೆರೆ ಸುರಂಗ ದಾಟಿ ನಾಲೆ ಮಂಡ್ಯದ ಬಯಲಿಗೆ ಬಂತು. ಆಗ ಇರ್ವಿನ್ ನಾಲೆ ಅನ್ನುತ್ತಿದ್ದರು, ಈಗಿನ ವಿಶ್ವೇಶ್ವರಯ್ಯ ನಾಲೆ. ನೀರು ಕೊಟ್ಟು ಕೈತೊಳೆದುಕೊಳ್ಳಲಿಲ್ಲ. ಕೃಷಿ ಇಲಾಖೆಯ ಲೆಸ್ಲಿ ಕೋಲ್ಮನ್ ಕಬ್ಬಿನ ಬಗ್ಗೆ ಯೋಚಿಸಿದರು, 1933ರಲ್ಲಿ ಮೈಸೂರು ಸಕ್ಕರೆ ಕಂಪನಿ ಮಂಡ್ಯಕ್ಕೆ ಬಂತು. ಬೆಳೆದ ಕಬ್ಬಿಗೆ ಊರಿನಲ್ಲೇ ಗಿರಾಕಿ ಸಿಕ್ಕಿದ. 1939ರಲ್ಲಿ ಮಂಡ್ಯ ಜಿಲ್ಲೆಯೇ ಆಯಿತು. ಕೆಳಗೆ ತೂಬು ಎತ್ತಿ ಇಳಿಸಲು ನೀರುಗಂಟಿ ಇದ್ದ. ಅವನು ಬಡವ, ಹೆಸರಿಲ್ಲದವ. ಆದರೆ ಯಾರ ಗದ್ದೆಗೆ ಎಷ್ಟು ಹೊತ್ತು ನೀರು ಅಂತ ಅವನಿಗೆ ಗೊತ್ತಿತ್ತು.

ಈಗಿನ ಫೈಬರ್ ನೀತಿಯಲ್ಲಿ ಕಟ್ಟೆ ಇದೆ, ನಾಲೆ ಇದೆ. ನೀರುಗಂಟಿಯೂ ಇಲ್ಲ, ಸಕ್ಕರೆ ಕಾರ್ಖಾನೆಯೂ ಇಲ್ಲ. ಆರ್ಥಿಕ ಬೆಳವಣಿಗೆ ತಾನಾಗಿ ಬರುತ್ತದೆ ಅಂತ ಕಾದು ಕೂತಿದ್ದೇವೆ.

ಒಂಟಿಕೊಪ್ಪಲು

ಮೇಷ್ಟ್ರೇ, ಕೇಬಲ್ ಸಾರ್, ಇಬ್ಬರಿಗೂ ವಂದನೆ. ಟವರ್ ವಿಷಯದಲ್ಲಿ ನನ್ನ ಮಾತು ವಾಪಸ್ ತೆಗೆದುಕೊಳ್ಳುತ್ತೇನೆ. ಆದರೆ ಸರ್ಕಾರ ಇಂಥದ್ದನ್ನು ನಡೆಸಬಲ್ಲದು ಅನ್ನುವ ನಂಬಿಕೆ ನನಗೆ ಇನ್ನೂ ಬಂದಿಲ್ಲ. 2018ರ ರಾಷ್ಟ್ರೀಯ ಡಿಜಿಟಲ್ ಸಂವಹನ ನೀತಿಯಲ್ಲಿ 2022ಕ್ಕೆ ಪ್ರತಿ ಪಂಚಾಯ್ತಿಗೆ 10 ಗಿಗಾಬಿಟ್, ಪ್ರತಿ ಪ್ರಜೆಗೆ 50 ಮೆಗಾಬಿಟ್ ಅಂತ ಬರೆದಿದ್ದರು. ಅಜ್ಜಿ ಕಾದು ಕೂತದ್ದು ನೋಡಿದರೆ ಆ ಕಾಗದಕ್ಕೆ ಏನು ಬೆಲೆ?

ಗಂಜಾಂ ಮೇಷ್ಟ್ರು

ಕೇಳಬೇಕಾದ ಪ್ರಶ್ನೆ. ಉತ್ತರಕ್ಕೆ ನಮ್ಮ ಮದ್ದೂರಿಗೇ ಹೋಗೋಣ. ಪಹಣಿಯನ್ನು ಕಂಪ್ಯೂಟರಿಗೆ ಏರಿಸಿದ ಭೂಮಿ ಯೋಜನೆ ಮೊದಲು ಪ್ರಯೋಗವಾದದ್ದು ಮದ್ದೂರು ತಾಲ್ಲೂಕಿನಲ್ಲಿ, 1999ರ ಸುಮಾರಿಗೆ. ಅಲ್ಲಿಂದ ರಾಜ್ಯದ ಎಲ್ಲ ತಾಲ್ಲೂಕಿಗೂ ಹೋಗಿ ಸುಮಾರು 2 ಕೋಟಿ ಪಹಣಿಗಳು ಕಂಪ್ಯೂಟರಿಗೆ ಏರಿದವು. ಕೌಂಟರಿನಲ್ಲಿ 15 ರೂಪಾಯಿ ಕೊಟ್ಟರೆ ಪಹಣಿ ಕೈಗೆ ಬರುತ್ತಿತ್ತು. ಅದಕ್ಕೂ ಮುಂಚೆ ಶಾನುಭೋಗರ, ಆಮೇಲೆ ಗ್ರಾಮಲೆಕ್ಕಿಗರ ಮನೆ ಬಾಗಿಲು ಎಷ್ಟು ಸಲ ಸವೆಸಬೇಕಿತ್ತು ಅಂತ ಹಿರಿಯರನ್ನು ಕೇಳಿ.

ಅದು ಗೆದ್ದದ್ದು ಏಕೆ ಅಂದರೆ, ಕೈಬರಹದ ಪಹಣಿಗೆ ಇನ್ನು ಬೆಲೆಯಿಲ್ಲ ಅಂತ ಸರ್ಕಾರ ಆದೇಶ ಮಾಡುವ ಮೊದಲು ಕೌಂಟರ್ ತೆರೆದಿತ್ತು, ಕಂಪ್ಯೂಟರಿನ ಮುಂದೆ ತರಬೇತಾದ ಮನುಷ್ಯ ಕೂತಿದ್ದ. ಮಂಡ್ಯದಕ್ಕ ಹೇಳಿದ ದಾರಿ ಮತ್ತು ಗಾಡಿಯ ಕ್ರಮ ಅಲ್ಲಿ ಸರಿಯಿತ್ತು.

ಹಳೇ ಕೇಬಲ್

ಮೇಷ್ಟ್ರ ಮಾತಿಗೆ ಇನ್ನೊಂದು ಸೇರಿಸುತ್ತೇನೆ. ನಮ್ಮ ದೇಶದಲ್ಲೇ ತಯಾರಾದ, ಸರ್ಕಾರದ ದೂರಸಂಪರ್ಕ ಸಂಶೋಧನಾ ಸಂಸ್ಥೆ ಸಿ-ಡಾಟ್‌ನ ಗ್ರಾಮೀಣ ದೂರವಾಣಿ ಎಕ್ಸ್‌ಚೇಂಜ್ ಮೊದಲು ಕೂತದ್ದು ಕರ್ನಾಟಕದ ಕಿತ್ತೂರಿನಲ್ಲಿ, 1986ರಲ್ಲಿ. ವಿದೇಶಿ ಎಕ್ಸ್‌ಚೇಂಜುಗಳಿಗೆ ಏಸಿ ಕೋಣೆ ಬೇಕಿತ್ತು. ಇದು ನಮ್ಮ ಬಿಸಿಲು, ಧೂಳು ತಡೆಯುವ ಹಾಗೆ ಮಾಡಿದ್ದು. ಅದರ ಹಿಂದೆಯೇ ಎಸ್‌ಟಿಡಿ ಬೂತ್ ಬಂತು. ಬೂತ್ ನಡೆಸಿದವನಿಗೆ ಕಮಿಷನ್. ಲೈನ್ ಸತ್ತರೆ ಅವನ ಹೊಟ್ಟೆಗೆ ಹೊಡೆತ, ಹಾಗಾಗಿ ಬೆಳಗಾಗುವುದರೊಳಗೆ ಎಕ್ಸ್‌ಚೇಂಜ್ ಬಾಗಿಲಲ್ಲಿ ನಿಂತಿರುತ್ತಿದ್ದ. ನನ್ನನ್ನು ಊಟಕ್ಕೂ ಕೂರಲು ಬಿಡದ ಬೂತಿನವರು ಇದ್ದರು, ಅವರ ಮೇಲೆ ನನಗೆ ಇವತ್ತಿಗೂ ಗೌರವ. ಪಂಚಾಯ್ತಿಯ ಗೋಡೆಯ ಪೆಟ್ಟಿಗೆ ಸತ್ತರೆ ಯಾರ ಹೊಟ್ಟೆಗೂ ಹೊಡೆತವಿಲ್ಲ. ಅದಕ್ಕೇ ಅದು ಸತ್ತೇ ಇರುತ್ತದೆ.

2023ರ ಆಗಸ್ಟ್‌ನಲ್ಲಿ ಒಪ್ಪಿಗೆಯಾದ ತಿದ್ದುಪಡಿ ಭಾರತ್‌ನೆಟ್ ಯೋಜನೆ ಇದನ್ನು ಸ್ವಲ್ಪ ಅರ್ಥ ಮಾಡಿಕೊಂಡಿದೆ. ಮೊತ್ತ 1,39,579 ಕೋಟಿ ರೂಪಾಯಿ. ಕೊಂಬೆಯ ಬದಲು ಉಂಗುರದ ಜೋಡಣೆ, ಅಂದರೆ ಒಂದು ಕಡೆ ತುಂಡಾದರೂ ಇನ್ನೊಂದು ಕಡೆಯಿಂದ ಬರುತ್ತದೆ. 10 ವರ್ಷದ ನಿರ್ವಹಣೆಯೂ ಗುತ್ತಿಗೆಯೊಳಗೇ ಸೇರಿದೆ. ಹಳ್ಳಿಯ ಮನೆಗಳಿಗೆ 1.5 ಕೋಟಿ ಸಂಪರ್ಕದ ಗುರಿ. ಊರಿನವನೇ ಉದ್ಯಮಿಯಾಗಿ ಮನೆಗಳಿಗೆ ಲೈನ್ ಕೊಟ್ಟು, ಬರುವ ವರಮಾನದಲ್ಲಿ ಅರ್ಧ ಪಡೆಯುವ ಏರ್ಪಾಡೂ ಇದೆ. ನಾಲೆಏರಿ, ನಿಮ್ಮಂಥವರಿಗೇ ಅದು.

ಹಳೇ ಹೆದ್ದಾರಿ (ಮದ್ದೂರು)

ನಾನು ಬೇರೆ ದಿಕ್ಕಿನಿಂದ ಬರುತ್ತೇನೆ. ನಮ್ಮದು ರಸ್ತೆ ಬದಿಯ ತಿಂಡಿ ಹೋಟೆಲ್, ತಂದೆಯ ಕಾಲದ್ದು. 2023ರ ಮಾರ್ಚ್ 12ರಂದು ಬೆಂಗಳೂರು-ಮೈಸೂರು ದಶಪಥ ಹೆದ್ದಾರಿ ಉದ್ಘಾಟನೆಯಾಯಿತು. ಮೂರು ಗಂಟೆಯ ದಾರಿ ಒಂದೂಕಾಲು ಗಂಟೆಗೆ ಇಳಿಯಿತು ಅಂತ ಎಲ್ಲರಿಗೂ ಖುಷಿ. ನನಗೂ ಖುಷಿ, ನನ್ನ ಮಗಳು ಬೆಂಗಳೂರಿನಲ್ಲಿ ಓದುತ್ತಾಳೆ. ಆದರೆ ಬೈಪಾಸ್ ನಮ್ಮ ಊರನ್ನು ಬಿಟ್ಟು ಹೋಯಿತು. ಬಿಸಿ ವಡೆಗೆ ಗಾಡಿ ನಿಲ್ಲಿಸುತ್ತಿದ್ದವರು ಈಗ ಮೇಲೆ ಹಾದುಹೋಗುತ್ತಾರೆ. ಆಗಸ್ಟ್ 1ರಿಂದ ಬೈಕು, ಆಟೊ, ಟ್ರ್ಯಾಕ್ಟರ್ ಮುಖ್ಯ ರಸ್ತೆಗೆ ಹತ್ತುವಂತಿಲ್ಲ ಅಂತಲೂ ಆಯಿತು. ಸುರಕ್ಷತೆಗೆ ಅದು ಬೇಕಿತ್ತು, ಒಪ್ಪುತ್ತೇನೆ. ಅಷ್ಟು ಸಾವು ನೋಡಿದ್ದೇವೆ.

ಹೆದ್ದಾರಿ ಬೇಡವಿತ್ತು ಅನ್ನುತ್ತಿಲ್ಲ. ಯೋಜನೆ ಬರೆಯುವಾಗ ನಮ್ಮ ಹೋಟೆಲು, ಚನ್ನಪಟ್ಟಣದ ಗೊಂಬೆ ಅಂಗಡಿ, ಎಳನೀರಿನವನು, ಇವರೆಲ್ಲ ಎಲ್ಲಿ ಹೋಗಬೇಕು ಅಂತ ಒಂದು ಪುಟ ಬರೆದಿದ್ದರೆ ಸಾಕಿತ್ತು. ಇಂಟರ್‌ನೆಟ್‌ನಲ್ಲೂ ಹಾಗೇ ಆಗಬಾರದು. ಮೈಸೂರಿಗೂ ಬೆಂಗಳೂರಿಗೂ ನಡುವೆ ವೇಗವಾಗಿ ಓಡುವ ಲೈನು ನಮ್ಮ ನೆಲದೊಳಗೇ ಹೋಗುತ್ತದೆ. ನಮ್ಮಲ್ಲಿ ಒಂದು ಇಳಿಯುವ ದಾರಿ ಬೇಕು.

ಹೆಬ್ಬಾಳ ವರ್ಕ್‌ಶಾಪ್ (ಮೈಸೂರು)

ಮೇಲಿನ ಅಣ್ಣನ ಮಾತು ಮನಸ್ಸಿಗೆ ತಾಗಿತು. ನನ್ನದು ಸಣ್ಣ ಕೈಗಾರಿಕೆ, ಹನ್ನೆರಡು ಜನ ಕೆಲಸಕ್ಕಿದ್ದಾರೆ, ಅರ್ಧಕ್ಕಿಂತ ಹೆಚ್ಚು ಹಳ್ಳಿಯ ಹುಡುಗರು. ಬೆಂಗಳೂರಿನ ಆಚೆಗೂ ಉದ್ಯೋಗ ಬೆಳೆಯಲಿ ಅಂತ ರಾಜ್ಯ ಸರ್ಕಾರ ಬಿಯಾಂಡ್ ಬೆಂಗಳೂರು ಅಂತ ಶುರುಮಾಡಿದೆ, ಮೈಸೂರು ಅದರಲ್ಲಿ ಮುಖ್ಯ ಕೇಂದ್ರ. ಒಳ್ಳೆಯದು. ಇನ್ಫೋಸಿಸ್ ಇಲ್ಲಿ ದೊಡ್ಡ ತರಬೇತಿ ಕೇಂದ್ರ ಕಟ್ಟಿತು, ಜೋಡಿ ರೈಲು ಹಳಿ ಬಂತು.

ನನ್ನ ಅನುಭವ ಹೇಳುತ್ತೇನೆ. ಕೆಲಸಕ್ಕೆ ಬರುವ ಡಿಪ್ಲೊಮಾ ಹುಡುಗರಲ್ಲಿ ಎಷ್ಟೋ ಜನರಿಗೆ ಫೋನ್ ಚೆನ್ನಾಗಿ ಗೊತ್ತು, ಕಂಪ್ಯೂಟರಿನಲ್ಲಿ ಒಂದು ಡ್ರಾಯಿಂಗ್ ತೆರೆದು ಅಳತೆ ಓದಲು ಬರುವುದಿಲ್ಲ. ದಡ್ಡರಲ್ಲ. ಮನೆಯಲ್ಲಿ ಕಂಪ್ಯೂಟರ್ ಇಲ್ಲ, ಊರಿನಲ್ಲಿ ಕೂತು ಕಲಿಯಲು ಜಾಗ ಇಲ್ಲ. ಫೋನಿನಲ್ಲಿ ವಿಡಿಯೊ ನೋಡುವ ಇಂಟರ್‌ನೆಟ್ ಬೇರೆ, ದುಡಿಮೆ ಕಲಿಸುವ ಇಂಟರ್‌ನೆಟ್ ಬೇರೆ. ಸರ್ಕಾರದ ಲೆಕ್ಕದಲ್ಲಿ ಎರಡೂ ಒಂದೇ ಆಗಿ ಸೇರಿಹೋಗುತ್ತವೆ.

ಅರಿವು ಕೇಂದ್ರ (ಪಾಂಡವಪುರ ಕಡೆ)

ನಮಸ್ಕಾರ. ನಾನು ಗ್ರಾಮ ಪಂಚಾಯ್ತಿ ಗ್ರಂಥಾಲಯದ ಮೇಲ್ವಿಚಾರಕಿ. ಕೂತು ಕಲಿಯಲು ಜಾಗ ಇಲ್ಲ ಅಂದಿರಲ್ಲ ಅಣ್ಣ, ಜಾಗ ಇದೆ. ನಮ್ಮ ಗ್ರಂಥಾಲಯಗಳನ್ನೇ ಈಗ ಅರಿವು ಕೇಂದ್ರ ಅನ್ನುತ್ತಾರೆ. ನಮ್ಮಲ್ಲಿ ಎರಡು ಕಂಪ್ಯೂಟರ್ ಇವೆ. ಲೈನ್ ನೆಟ್ಟಗಿದ್ದ ಒಂದು ಬೇಸಿಗೆಯಲ್ಲಿ ಏನಾಯಿತು ಹೇಳುತ್ತೇನೆ. ಹತ್ತನೇ ಕ್ಲಾಸು ಮುಗಿಸಿದ ನಾಲ್ಕು ಹುಡುಗಿಯರು ದಿನವೂ ಬಂದರು. ಮೊದಲ ವಾರ ಕನ್ನಡ ಟೈಪಿಂಗ್, ಆಮೇಲೆ ಎಕ್ಸೆಲ್. ಅದರಲ್ಲಿ ಒಬ್ಬಳು ಈಗ ಹಾಲಿನ ಡೇರಿಯ ಲೆಕ್ಕ ನೋಡಿಕೊಳ್ಳುತ್ತಾಳೆ. ಅವಳಪ್ಪ ಒಂದು ದಿನ ಬಂದು ಒಂದು ಗೊನೆ ಬಾಳೆಹಣ್ಣು ಇಟ್ಟು, ಏನೂ ಮಾತಾಡದೆ ಹೋದರು.

ಮಳೆಗಾಲಕ್ಕೆ ಲೈನ್ ಹೋಯಿತು. ದೂರು ಕೊಟ್ಟೆ, ಮತ್ತೆ ಕೊಟ್ಟೆ. ಯಾರಿಗೆ ಕೊಡಬೇಕು ಅಂತಲೇ ಯಾರಿಗೂ ಗೊತ್ತಿಲ್ಲ. ಪಂಚಾಯ್ತಿಯವರು ತಾಲ್ಲೂಕಿಗೆ ಅಂದರು, ತಾಲ್ಲೂಕಿನವರು ಕಂಪನಿಗೆ ಅಂದರು, ಕಂಪನಿಯವರ ಫೋನ್ ಎತ್ತುವವರಿಲ್ಲ. ಹುಡುಗಿಯರು ಬರುವುದು ನಿಂತಿತು. ಹುಡುಗರಾದರೆ ಬೈಕ್ ಹತ್ತಿ ಪೇಟೆಗೆ ಹೋಗುತ್ತಾರೆ, ಹೆಣ್ಣುಮಕ್ಕಳನ್ನು ಮನೆಯವರು ಇಲ್ಲಿಗೆ ಮಾತ್ರ ಕಳಿಸುತ್ತಾರೆ. ಇದು ನೀತಿ ಬರೆಯುವವರಿಗೆ ಗೊತ್ತಾಗಬೇಕು ಅಂತ ನನ್ನ ಆಸೆ.

ಒಂಟಿಕೊಪ್ಪಲು

ಮೇಡಂ, ನೀವು ಬರೆದದ್ದನ್ನು ಎರಡು ಸಲ ಓದಿದೆ. ಮಾರುಕಟ್ಟೆ ಎಲ್ಲವನ್ನೂ ಮಾಡುತ್ತದೆ ಅಂತ ನಾನು ಹೇಳುವಾಗ ಆ ನಾಲ್ಕು ಹುಡುಗಿಯರು ನನ್ನ ಲೆಕ್ಕದಲ್ಲಿ ಇರಲಿಲ್ಲ. ನಾನು ಭಾನುವಾರ ಬಿಡುವಾಗಿರುತ್ತೇನೆ. ಲೈನ್ ಬರುವ ಮುಂಚೆಯೂ ಕಲಿಸುವುದು ಬೇಕಾದಷ್ಟಿದೆ, ಎಕ್ಸೆಲ್‌ಗೆ ಇಂಟರ್‌ನೆಟ್ ಬೇಕಿಲ್ಲ. ಮೈಸೂರಿನಿಂದ ಪಾಂಡವಪುರ ಅಷ್ಟೇನೂ ದೂರವಲ್ಲ. ನೀವು ಒಪ್ಪಿದರೆ ಬರುತ್ತೇನೆ.

ಅರಿವು ಕೇಂದ್ರ

ಬನ್ನಿ ಸಾರ್. ಹುಡುಗಿಯರ ಮನೆಗೆ ನಾನೇ ಹೋಗಿ ಹೇಳಿಬರುತ್ತೇನೆ.

ಗಂಜಾಂ ಮೇಷ್ಟ್ರು

ಹಕ್ಕಿನ ಮಾತೂ ಗಮನದಲ್ಲಿರಲಿ. 2025ರ ಏಪ್ರಿಲ್ 30ರಂದು ಸುಪ್ರೀಂ ಕೋರ್ಟ್, ಕೆವೈಸಿಗಾಗಿ ಕ್ಯಾಮೆರಾ ಮುಂದೆ ಕಣ್ಣು ಮಿಟುಕಿಸಲಾಗದೆ ಕಷ್ಟಪಟ್ಟ ಆಸಿಡ್ ದಾಳಿ ಸಂತ್ರಸ್ತರ ಮತ್ತು ದೃಷ್ಟಿ ಇಲ್ಲದವರ ಅರ್ಜಿಗಳ ಮೇಲೆ ತೀರ್ಪು ಕೊಟ್ಟಿತು. ಡಿಜಿಟಲ್ ಸೇವೆ ಪಡೆಯುವುದು ಸಂವಿಧಾನದ 21ನೇ ವಿಧಿಯ ಜೀವಿಸುವ ಹಕ್ಕಿನ ಭಾಗ ಅಂದಿತು. ಸಕಲ ಸೇವೆಯನ್ನೂ ಆನ್‌ಲೈನ್ ಮಾಡಿದ ಮೇಲೆ, ಲೈನ್ ಕೊಡುವುದು ಉಪಕಾರವಾಗಿ ಉಳಿಯುವುದಿಲ್ಲ. ಅರ್ಜಿ ಬರೆಯುವಾಗ ಇದನ್ನು ಸೇರಿಸಿ.

ನಾಲೆಏರಿ

ಎಲ್ಲರಿಗೂ ಕೈಮುಗಿಯುತ್ತೇನೆ. ಬರೆಯುವಾಗ ಇಷ್ಟು ಜನ ಮಾತಾಡುತ್ತೀರಿ ಅಂತ ಅಂದುಕೊಂಡಿರಲಿಲ್ಲ. ನಮ್ಮಲ್ಲಿ ಬುಧವಾರ ಗ್ರಾಮಸಭೆ ಇದೆ. ಅರ್ಜಿಯ ಕರಡು ಹಾಕುತ್ತಿದ್ದೇನೆ, ತಿದ್ದಿ ಕೊಡಿ:

"ಮಾನ್ಯ ಅಧ್ಯಕ್ಷರು ಹಾಗೂ ಪಂಚಾಯ್ತಿ ಅಭಿವೃದ್ಧಿ ಅಧಿಕಾರಿಗಳಿಗೆ. ನಮ್ಮ ಪಂಚಾಯ್ತಿ ಕಟ್ಟಡದಲ್ಲಿರುವ ಫೈಬರ್ ಪೆಟ್ಟಿಗೆ ಕೆಲಸ ಮಾಡುತ್ತಿಲ್ಲ. ಅದು ಯಾವ ದಿನ ನಿಂತಿತು, ಯಾರಿಗೆ ದೂರು ಕೊಡಲಾಯಿತು ಎಂಬುದನ್ನು ಸಭೆಯ ನಡವಳಿಯಲ್ಲಿ ದಾಖಲಿಸಬೇಕು. ಲೈನ್ ದುರಸ್ತಿಯಾದ ಕೂಡಲೇ ಮೊದಲ ಸಂಪರ್ಕವನ್ನು ಶಾಲೆಗೂ ಅರಿವು ಕೇಂದ್ರಕ್ಕೂ ಕೊಡಬೇಕು. ಊರಿನ ಒಬ್ಬರಿಗೆ ನಿರ್ವಹಣೆಯ ಹೊಣೆ ಮತ್ತು ತಿಂಗಳ ಗೌರವಧನ ನಿಗದಿ ಮಾಡಬೇಕು. ಪಂಚಾಯ್ತಿ ವ್ಯಾಪ್ತಿಯಲ್ಲಿ ಪೈಪು ಅಥವಾ ಚರಂಡಿಗೆ ಅಗೆಯುವವರು ಮುಂಚಿತವಾಗಿ ಪಂಚಾಯ್ತಿಗೆ ತಿಳಿಸಬೇಕು ಎಂದು ನಿರ್ಣಯ ಮಾಡಬೇಕು."

ಹಳೇ ಕೇಬಲ್

ಚೆನ್ನಾಗಿದೆ. ಕೇಬಲ್ ಹಾದುಹೋದ ದಾರಿಯ ನಕ್ಷೆಯ ಪ್ರತಿಯನ್ನು ಪಂಚಾಯ್ತಿ ಗೋಡೆಗೆ ಅಂಟಿಸಬೇಕು ಅಂತ ಒಂದು ಸಾಲು ಸೇರಿಸಿ. ನಕ್ಷೆ ಓದಲು ಕಷ್ಟವಾದರೆ ಬುಧವಾರ ನಾನೇ ಬಸ್ಸು ಹತ್ತಿ ಬರುತ್ತೇನೆ.

ಮಂಡ್ಯದಕ್ಕ

ಹಾಜ್ರಿ ಫೋಟೋ ಹೋಗ್ದಿದ್ ದಿನ ಕೂಲಿ ಕಡೀಬಾರ್ದು, ಪುಸ್ತಕದಾಗೆ ಬರ್ದು ಸಹಿ ಹಾಕ್ಸಿದ್ರೆ ಒಪ್ಕೋಬೇಕು ಅಂತಲೂ ಬರಿಯಪ್ಪ. ನಮ್ಮ ಸಭೆಗೂ ಅದೇ ಕಾಗ್ದ ತಕ್ಕೊಂಡ್ ಹೋಯ್ತೀನಿ.

ನಾಲೆಏರಿ

ಬರೆದೆ ಅಕ್ಕಾ. ಮೂರನೇ ಸಾಲಿನಲ್ಲೇ ಹಾಕಿದ್ದೇನೆ. ಜೆರಾಕ್ಸ್ ನನ್ನ ಅಂಗಡಿಯಲ್ಲೇ ಆಗುತ್ತೆ, ಎಷ್ಟು ಪ್ರತಿ ಬೇಕು ಹೇಳಿ.